ಮಂಡ್ಯದಿಂದ ಬೆಂಗಳೂರಿಗೆ ದಿನಾ ಓಡಾಡೋದು, ಹೇಗೆ ತಡ್ಕೋತೀರಾ?

ಮದುವೆ ಮನೆ ಇರಲಿ, ರೇಷನ್ ಅಂಗಡಿ ಸಾಲಿರಲಿ, ಮಗಳ ಶಾಲೆಯ ಪೇರೆಂಟ್ಸ್ ಮೀಟಿಂಗ್ ಇರಲಿ, ನನಗೆ ಈ ಪ್ರಶ್ನೆ ತಪ್ಪಿದ್ದಲ್ಲ. "ದಿನಾ ಟ್ರೈನಲ್ಲಿ ಹೋಗಿ ಬರ್ತೀರಾ? ಅಯ್ಯಪ್ಪಾ, ಹೇಗೆ ತಡ್ಕೋತೀರಾ?" ಅತ್ತೆಯ ಊರಿನ ಅಜ್ಜಿಯರು ಇನ್ನೂ ನೇರ. "ಅದ್ಯಾವ ಕರ್ಮ ಬಂದದವ್ವ ನಿಂಗೆ?" ನಾನು ಉತ್ತರ ಕೊಡುವ ಮೊದಲೇ ಕೇಳಿದವರೇ ತೀರ್ಪನ್ನೂ ಕೊಟ್ಟುಬಿಡುತ್ತಾರೆ. "ನೀವು ಬಿಡಿ, ಗಟ್ಟಿಗಿತ್ತಿ."

ಹೊಗಳಿಕೆ ಯಾರಿಗೆ ಬೇಡ? ಆದರೆ ಇದು ನಿಜ ಅಲ್ಲ. ನಾನು ಗಟ್ಟಿಗಿತ್ತಿ ಅಲ್ಲ. ನನ್ನ ದಿನ ನಡೆಯುವುದು ಬೇರೆ ಐದಾರು ಹೆಂಗಸರ ಜೊತೆ ಮಾಡಿಕೊಂಡಿರುವ ಏರ್ಪಾಡಿನ ಮೇಲೆ. ನಾಲ್ಕೂವರೆಗೆ ಏಳುವುದು ನಾನೇ, ಸರಿ. ಆದರೆ ಚಪಾತಿ ಲಟ್ಟಿಸುವುದು ಅತ್ತೆ. ಶಾಲೆ ವ್ಯಾನಿನಿಂದ ಮಗಳನ್ನು ಇಳಿಸಿಕೊಂಡು, ಅವಳ ಕೈಗೊಂದು ಬಾಳೆಹಣ್ಣು ಕೊಟ್ಟು, ಹೋಂವರ್ಕಿಗೆ ಕೂರಿಸುವುದು ಪಕ್ಕದ ಮನೆ ಆಂಟಿ. ನಲ್ಲಿ ನೀರು ಬಂದ ದಿನ ಡ್ರಮ್ಮು ತುಂಬಿಸುವ ಕೆಲಸ ಯಜಮಾನರದ್ದು. ಅವರಿಗೂ ಒಂದು ಮಾತು ಸಲ್ಲಲಿ. ಅತ್ತೆ ಒಂದು ವಾರ ಮಗಳ ಮನೆಗೆ ಹೋದರೆ ಸಾಕು, ಮೂರನೇ ದಿನಕ್ಕೆ ನನ್ನ ಗಟ್ಟಿತನವೆಲ್ಲ ಇಳಿದುಹೋಗಿರುತ್ತದೆ. ಮುದ್ದೆ ಮಾತ್ರ ರಾತ್ರಿಗೇ. ಮುದ್ದೆಯನ್ನು ಡಬ್ಬಿಗೆ ಹಾಕಿಕೊಂಡು ಹೋಗುವವರನ್ನು ನಾನಿನ್ನೂ ನೋಡಿಲ್ಲ.

"ಬೆಂಗಳೂರಲ್ಲೇ ಒಂದು ಮನೆ ಮಾಡಬಾರದಾ?" ಅಂತ ಮುಂದಿನ ಪ್ರಶ್ನೆ. ಮಾಡಬಹುದು. ಬಾಡಿಗೆ, ಅಡ್ವಾನ್ಸ್, ಹೊಸ ಶಾಲೆಯ ಡೊನೇಷನ್ ಕೂಡಿ ನೋಡಿ. ಆಮೇಲೆ ನನ್ನ ಟ್ರೈನ್ ಪಾಸಿನ ಬೆಲೆ ನೋಡಿ. ತಿಂಗಳಿಗೆ ಕೆಲವು ನೂರು ರೂಪಾಯಿ. ದೂರ 90 ಕಿಲೋಮೀಟರ್‌ಗೆ ಸ್ವಲ್ಪ ಜಾಸ್ತಿ, ಹೋಗೋಕೆ ಸುಮಾರು ಎರಡು ಗಂಟೆ. ಬೆಂಗಳೂರಿನಲ್ಲೇ ಇದ್ದುಕೊಂಡು ಬಸ್ಸಿನಲ್ಲಿ ಒಂದೂವರೆ ಗಂಟೆ ನಿಂತು ಆಫೀಸಿಗೆ ಬರುವವರು ನಮ್ಮಲ್ಲೇ ಇದ್ದಾರೆ. ಅವರನ್ನು ಯಾರೂ ಗಟ್ಟಿಗಿತ್ತಿ ಅನ್ನಲ್ಲ, ಪಾಪ.

ಈಗ ಡಬ್ಬಿಯ ವಿಷಯಕ್ಕೆ ಬರುತ್ತೇನೆ. ಊಟದ ಡಬ್ಬಿ ಅಲ್ಲ, ಲೇಡೀಸ್ ಡಬ್ಬಿ. ಮೈಸೂರು ಕಡೆಯಿಂದ ಗಾಡಿ ಬರುವಾಗಲೇ ಅರ್ಧ ತುಂಬಿರುತ್ತದೆ. ಮೈಸೂರಿನವರು, ಪಾಂಡವಪುರದವರು ಕಿಟಕಿ ಹಿಡಿದಿರುತ್ತಾರೆ. ಮಂಡ್ಯದಲ್ಲಿ ನಾವು ಹತ್ತುತ್ತೇವೆ. ಮದ್ದೂರಿನವರಿಗೆ ನಿಲ್ಲುವ ಜಾಗ ಸಿಕ್ಕರೆ ಅದೇ ದೊಡ್ಡದು. ಹಾಗಾಗಿ ಒಂದು ಪದ್ಧತಿ ಬೆಳೆದಿದೆ. ರಾಮನಗರದಲ್ಲಿ ಇಳಿಯುವ ಟೀಚರ್‌ಗಳು ಎದ್ದಾಗ ಆ ಸೀಟು ನಿಂತವರಲ್ಲಿ ಹಿರಿಯರಿಗೆ, ಬಸುರಿಯರಿಗೆ, ನೈಟ್ ಡ್ಯೂಟಿ ಮುಗಿಸಿದ ನರ್ಸ್‌ಗಳಿಗೆ. ಯಾರೂ ಬರೆದಿಟ್ಟ ನಿಯಮ ಅಲ್ಲ. ಆದರೆ ಇದನ್ನು ಮೀರಿ ಯಾರಾದರೂ ಸೀಟಿಗೆ ಕರ್ಚೀಫು ಎಸೆದರೆ ಆ ಕರ್ಚೀಫಿಗೆ ಬಿಡದಿ ಮುಟ್ಟುವವರೆಗೂ ಬೈಗುಳ.

ಬರೆದಿಟ್ಟ ನಿಯಮ ಇನ್ನೊಂದಿದೆ, ಅದು ಎಲ್ಲರಿಗೂ ಗೊತ್ತಿರಲಿ. 1989ರ ರೈಲ್ವೆ ಕಾಯ್ದೆಯ 58ನೇ ಕಲಂ ಪ್ರಕಾರ ಪ್ರಯಾಣಿಕರ ಗಾಡಿಗಳಲ್ಲಿ ಹೆಂಗಸರಿಗೆ ಅಂತಲೇ ಜಾಗ ಮೀಸಲಿಡಬೇಕು. 162ನೇ ಕಲಂ ಪ್ರಕಾರ ಅಲ್ಲಿಗೆ ನುಗ್ಗುವ ಗಂಡಸರನ್ನು ಇಳಿಸಬಹುದು, 500 ರೂಪಾಯಿವರೆಗೆ ದಂಡ ಹಾಕಬಹುದು. ಸಹಾಯಕ್ಕೆ 139ಕ್ಕೆ ಫೋನ್ ಮಾಡಬಹುದು. ನಮ್ಮ ಡಬ್ಬಿಯಲ್ಲಿ ಫೋನಿನವರೆಗೆ ಹೋಗುವುದು ಕಡಿಮೆ. ಬಾಗಿಲ ಬಳಿ ಹೂವಿನ ಬುಟ್ಟಿ ಇಟ್ಟುಕೊಂಡು ಕೂರುವ ಅಕ್ಕ ಇದ್ದಾರೆ. "ಯಾಕಪ್ಪಾ, ಸೀರೆ ಉಟ್ಕೊಂಡು ಬಂದಿಲ್ವಲ್ಲ ನೀನು?" ಅಂತ ಅವರು ಜೋರಾಗಿ ಕೇಳಿದ ಮೇಲೆ ಮುಂದಿನ ಸ್ಟೇಷನ್‌ವರೆಗೂ ಉಳಿದ ಗಂಡಸಿಲ್ಲ.

ಬೆಳಗಿನ ಗಾಡಿಯಲ್ಲಿ ಜಾಸ್ತಿ ಮಾತಿಲ್ಲ. ಅರ್ಧ ಜನ ನಿದ್ದೆ. ಈ ಓಡಾಟದಲ್ಲಿ ನಿಮಗೆ ಏನು ಖುಷಿ ಅಂತ ಕೇಳಿದರೆ ಮೊದಲನೆಯದು ಇದೇ ನಿದ್ದೆ. ಮನೆಯಲ್ಲಿ ಮಲಗಿದ್ದಾಗ ಕುಕ್ಕರ್ ಕೂಗಿದರೂ ಎಚ್ಚರ, ಮಗಳು ಕೆಮ್ಮಿದರೂ ಎಚ್ಚರ. ಇಲ್ಲಿ ಯಾರು ಕೆಮ್ಮಿದರೂ ನನ್ನ ಜವಾಬ್ದಾರಿ ಅಲ್ಲ. ಕೆಂಗೇರಿ ಬಂದಾಗ ಎಬ್ಬಿಸೋಕೆ ಪಕ್ಕದವರಿದ್ದಾರೆ. ಕೆಂಗೇರಿಯವರೆಗೆ ಮೆಟ್ರೋ ಬಂದಿದ್ದು 2021ರ ಆಗಸ್ಟ್‌ನಲ್ಲಿ. ಅಂದಿನಿಂದ ಅಲ್ಲಿ ಇಳಿಯುವವರೂ ಜಾಸ್ತಿ.

ಸಂಜೆ ಗಾಡಿ ಬೇರೆಯೇ ಲೋಕ. ಅವರೆಕಾಯಿ ಕಾಲದಲ್ಲಿ, ಅಂದರೆ ಡಿಸೆಂಬರ್, ಜನವರಿಯಲ್ಲಿ, ನೀವೊಮ್ಮೆ ಬಂದು ನೋಡಬೇಕು. ಯಾರದೋ ಮಡಿಲಲ್ಲಿ ಕಾಯಿಯ ರಾಶಿ, ಯಾರದೋ ಕೈಯಲ್ಲಿ ಸ್ಟೀಲ್ ಡಬ್ಬಿ, ಇಡೀ ಲೇಡೀಸ್ ಡಬ್ಬಿ ತುಂಬ ಸೊಗಡಿನ ವಾಸನೆ. ಎದುರಿಗೆ ಕೂತವರಿಗೆ "ಸುಲೀರಿ" ಅಂತ ಹೇಳಬೇಕಾಗಿಲ್ಲ, ಕೈ ತಾನಾಗಿಯೇ ಚಾಚುತ್ತದೆ. ಮಧ್ಯಾಹ್ನ ಆಫೀಸಿನಲ್ಲೇ ಕಾಳು ನೆನೆಹಾಕಿ, ಗಾಡಿಯಲ್ಲಿ ಹಿದುಕಿಕೊಂಡು ಹೋಗುವ ಘಟವಾಣಿಯರೂ ಇದ್ದಾರೆ. ಹಿದುಕಿದ ಬೇಳೆ ಒಬ್ಬರೇ ಕೂತು ಮಾಡಿದರೆ ಬೆರಳು ನೋಯುವ ಕೆಲಸ. ಆರು ಜನ ಸೇರಿದರೆ ಚನ್ನಪಟ್ಟಣ ಬರುವಷ್ಟರಲ್ಲಿ ಮುಗಿದಿರುತ್ತದೆ, ಜೊತೆಗೆ ಆರು ಅತ್ತೆಯರ ಸುದ್ದಿಯೂ. ಸಿಪ್ಪೆಗೆ ಬೇರೆ ಕವರ್ ಕಡ್ಡಾಯ. ಕೆಳಗೆ ಬಿದ್ದರೆ ಬಿಸಾಕಿದವರೇ ಎತ್ತಬೇಕು.

ಯಲಿಯೂರಿನ ಕಡೆಯವರೊಬ್ಬರು ಸೀರೆಗೆ ಕುಚ್ಚು ಕಟ್ಟುತ್ತಾರೆ. ಸೆರಗನ್ನು ಮಂಡಿಗೆ ಪಿನ್ ಹಾಕಿಕೊಂಡು, ಗಾಡಿ ಎಷ್ಟೇ ಅಲ್ಲಾಡಿದರೂ ದಾರ ತಪ್ಪದ ಹಾಗೆ ಗಂಟು ಹಾಕುವುದನ್ನು ನೋಡುವುದೇ ಚೆಂದ. ಬೇಬಿ ಕುಚ್ಚಿಗೆ ಒಂದು ರೇಟು, ಕ್ರೋಶ ಕುಚ್ಚಿಗೆ ಇನ್ನೊಂದು. ಮಣಿ ಹಾಕಿದರೆ ಇನ್ನೂ ಜಾಸ್ತಿ. ಮದುವೆ ಸೀಸನ್‌ನಲ್ಲಿ ಅವರ ಸಂಬಳಕ್ಕಿಂತ ಕುಚ್ಚಿನ ದುಡ್ಡೇ ಹೆಚ್ಚಾದ ತಿಂಗಳೂ ಇದೆಯಂತೆ. ಆ ದುಡ್ಡು ನೇರ ಚೀಟಿಗೆ. ನಮ್ಮ ಡಬ್ಬಿಯ ಚೀಟಿಯಲ್ಲಿ ಗೃಹಲಕ್ಷ್ಮಿಯ 2,000 ರೂಪಾಯಿಯನ್ನು ಹಾಗೇ ತಂದು ಕಟ್ಟುವವರೂ ಇದ್ದಾರೆ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಆ ಯೋಜನೆ ಶುರುವಾದಾಗ "ಹೆಂಗಸರಿಗೆ ಬಿಟ್ಟಿ ದುಡ್ಡು" ಅಂತ ಆಡಿಕೊಂಡವರ ಮನೆಯಲ್ಲೇ ಈಗ ಆ ಚೀಟಿ ದುಡ್ಡಿನಲ್ಲಿ ಮಿಕ್ಸಿ ಬಂದಿದೆ. ಓಲೆಯೂ ಬಂದಿದೆ, ಅದನ್ನು ಯಜಮಾನರಿಗೆ ಹೇಳಿರುವುದಿಲ್ಲ.

ಇನ್ನು ಮದ್ದೂರು ವಡೆ. 1917ರಲ್ಲಿ ಮದ್ದೂರು ಸ್ಟೇಷನ್ನಿನಲ್ಲಿ, ಗಾಡಿ ಬೇಗ ಬಂದುಬಿಟ್ಟಿತು ಅಂತ ಗಡಿಬಿಡಿಯಲ್ಲಿ ಪಕೋಡದ ಹಿಟ್ಟನ್ನೇ ತಟ್ಟಿ ಕರಿದರು, ಅದೇ ಈ ವಡೆ ಆಯಿತು ಅನ್ನುವುದು ಎಲ್ಲರೂ ಹೇಳುವ ಕಥೆ. ನಮಗೆ ಇದರಲ್ಲಿ ನಂಬಲು ಕಷ್ಟವಾಗುವುದು ಒಂದೇ, ಗಾಡಿ ಬೇಗ ಬಂದಿದ್ದು. ತಿಂಗಳ ಕೊನೆಯಲ್ಲಿ ಒಂದು ವಡೆ ನಾಲ್ಕು ಚೂರಾಗುತ್ತದೆ. ಸಂಬಳದ ದಿನ ತಲೆಗೊಂದು.

ಇಷ್ಟು ಕೇಳಿ "ನೋಡಿ, ನಮ್ಮ ಹೆಣ್ಮಕ್ಕಳು ಎಷ್ಟು ಕಷ್ಟ ಇದ್ದರೂ ನಗ್ತಾ ಇರ್ತಾರೆ" ಅನ್ನಬೇಡಿ. ನನಗೆ ಸಿಟ್ಟು ಬರುವುದು ಅಲ್ಲೇ. ನಗುತ್ತೇವೆ, ಆದರೆ ಬೆಳಗ್ಗೆ ಐದರ ನಂತರ ನೀರು ಕುಡಿಯದೆ ಗಾಡಿ ಹತ್ತುವವರು ನಮ್ಮಲ್ಲಿ ಅರ್ಧ ಜನ. ಯಾಕೆ ಅಂತ ಹೆಂಗಸರಿಗೆ ಹೇಳಬೇಕಾಗಿಲ್ಲ. ಚಿಲಕ ಇಲ್ಲದ ಶೌಚಾಲಯ, ಬೀಗ ಬಿದ್ದ ವೇಟಿಂಗ್ ರೂಮು. ಶ್ರೀರಂಗಪಟ್ಟಣದಲ್ಲಿ ಜೋಡಿ ಹಳಿಗೆ ಅಡ್ಡ ಇದ್ದ ಟಿಪ್ಪು ಕಾಲದ ಮದ್ದಿನ ಮನೆಯನ್ನು 2017ರಲ್ಲಿ ಇಡಿಯಾಗಿ ಎತ್ತಿ ಪಕ್ಕಕ್ಕೆ ಸರಿಸಿದರು. ಒಂದು ಕಟ್ಟಡವನ್ನೇ ಸರಿಸಬಹುದಾದರೆ ಒಂದು ಚಿಲಕ ಹಾಕಿಸುವುದು ಯಾವ ಲೆಕ್ಕ, ಅಲ್ವಾ? ಮೂತ್ರದ ಸೋಂಕಿಗೆ ಮಾತ್ರೆ ನುಂಗುತ್ತಾ ಓಡಾಡುವ ಹೆಂಗಸಿಗೆ ನಿಮ್ಮ ಶಹಬ್ಬಾಸ್‌ನಿಂದ ಏನೂ ಆಗಬೇಕಾಗಿಲ್ಲ.

ತಡೆದುಕೊಳ್ಳುವುದನ್ನೇ ಹೆಂಗಸರ ಗುಣ ಅಂದುಕೊಂಡವರು 2016ರ ಏಪ್ರಿಲ್ ನೆನಪಿಸಿಕೊಳ್ಳಲಿ. ಪಿಎಫ್‌ನಲ್ಲಿ ಮಾಲೀಕರು ಕಟ್ಟಿದ ಭಾಗವನ್ನು 58 ವರ್ಷ ಆಗುವವರೆಗೆ ತೆಗೆಯುವ ಹಾಗಿಲ್ಲ ಅಂತ ಕೇಂದ್ರ ಸರ್ಕಾರ ನಿಯಮ ತಂದಿತ್ತು. ಗಾರ್ಮೆಂಟ್ಸ್‌ನಲ್ಲಿ ಐವತ್ತೆಂಟರವರೆಗೆ ಹೊಲಿಯುವವರು ಎಷ್ಟು ಜನ? ಮಗಳ ಮದುವೆಗೆ, ಆಸ್ಪತ್ರೆ ಖರ್ಚಿಗೆ ಆ ದುಡ್ಡೇ ದಾರಿ. ಬೆಂಗಳೂರಿನಲ್ಲಿ ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ರಸ್ತೆಗಿಳಿದರು. ಏಪ್ರಿಲ್ 19ಕ್ಕೆ ಸರ್ಕಾರ ನಿಯಮ ವಾಪಸ್ ತೆಗೆದುಕೊಂಡಿತು. ಅವತ್ತು ಬೀದಿಯಲ್ಲಿ ಕೂತಿದ್ದ ಒಬ್ಬರು ಈಗ ನಮ್ಮ ಡಬ್ಬಿಯಲ್ಲಿದ್ದಾರೆ. ಮಾತು ಕಡಿಮೆ, ಕಡಲೆಕಾಯಿ ಜಾಸ್ತಿ. ಆ ವಿಷಯ ಎತ್ತಿದರೆ ಮಾತ್ರ ಕಣ್ಣು ಅರಳುತ್ತದೆ.

ಬಸ್ಸು ಬಿಟ್ಟಿ ಇದೆಯಲ್ಲ ಅಂತಲೂ ಕೇಳುತ್ತಾರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಗಾಡಿ ತಪ್ಪಿದ ದಿನ ನಮಗೆ ಎದೆ ಹೊಡೆದುಕೊಳ್ಳುವುದು ನಿಂತಿದೆ. ಆಧಾರ್ ತೋರಿಸಿ ಬಸ್ ಹತ್ತಬಹುದು. ಆದರೆ ಬಸ್ಸಿನಲ್ಲಿ ಕುಚ್ಚು ಕಟ್ಟೋಕೆ ಆಗಲ್ಲ.

ಈ ವರ್ಷ ಕಾಲೇಜು ಮುಗಿಸಿ ಬೆಂಗಳೂರಲ್ಲಿ ಕೆಲಸ ಹಿಡಿದ ಹುಡುಗಿಯರು ಇದೇ ಪ್ರಶ್ನೆಯನ್ನು ಬೇರೆ ಥರ ಕೇಳುತ್ತಾರೆ. "ಅಕ್ಕಾ, ನನ್ನ ಕೈಲಿ ಆಗುತ್ತಾ?" ಅವರಿಗೆ ನಾನು ಹೇಳುವುದು ಇಷ್ಟು. ಪಾಸನ್ನು ತಿಂಗಳ ಮೊದಲ ದಿನವೇ ಮಾಡಿಸಬೇಡ, ಕೌಂಟರ್‌ನಲ್ಲಿ ಸಾಲು ಉದ್ದ. ಲೇಡೀಸ್ ಡಬ್ಬಿ ಎಲ್ಲಿ ನಿಲ್ಲುತ್ತದೆ ಅಂತ ಹೂವಿನ ಅಕ್ಕನನ್ನು ಕೇಳು, ಅನೌನ್ಸ್‌ಮೆಂಟ್‌ಗೆ ಕಾಯಬೇಡ. ಸಣ್ಣದೊಂದು ಬೀಗ, ಸೇಫ್ಟಿ ಪಿನ್, ಪ್ಯಾಡ್ ಬ್ಯಾಗಿನಲ್ಲಿ ಯಾವಾಗಲೂ ಇರಲಿ. ನಿನಗೆ ಬೇಕಾಗದಿದ್ದರೂ ಯಾರಿಗಾದರೂ ಬೇಕಾಗುತ್ತದೆ. ಮೊದಲ ವಾರ ಯಾರೂ ಮಾತಾಡಿಸದಿದ್ದರೆ ಬೇಜಾರು ಮಾಡಿಕೊಳ್ಳಬೇಡ, ನೀನು ನಿಲ್ಲುತ್ತೀಯಾ ಬಿಡುತ್ತೀಯಾ ಅಂತ ನೋಡುತ್ತಿರುತ್ತಾರೆ. ಚೀಟಿಗೆ ಸೇರು ಅಂತ ಮೊದಲ ವಾರವೇ ಯಾರಾದರೂ ಕರೆದರೆ ಮಾತ್ರ ಸ್ವಲ್ಪ ತಡಿ, ಮೊದಲು ಹೋದ ಸಲ ಚೀಟಿ ಎತ್ತಿದವರ ಪಕ್ಕ ಕೂತು ಎರಡು ದಿನ ಅವರೆಕಾಯಿ ಸುಲಿ, ಎಲ್ಲಾ ವಿಷಯ ಗೊತ್ತಾಗುತ್ತದೆ.