ಚಂಡಮಾರುತದ ರಜೆಯಲ್ಲಿ ಸಿಕ್ಕ ಮಾರ್ಕ್

ಹಾಂಗ್‌ಕಾಂಗ್‌ನಲ್ಲಿ ಚಂಡಮಾರುತದ 8ನೇ ನಂಬರ್ ಸಿಗ್ನಲ್ ಬಂತೆಂದರೆ ಆಫೀಸು, ಶಾಲೆ ಎಲ್ಲ ಬಂದ್. ಅಂಥ ಒಂದು ದಿನ ಅಲ್ಲಿನ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಉಳಿದುಕೊಂಡೆ. ನನಗಿಂತ ಹಿರಿಯರು, ಅದೇ ಊರಲ್ಲಿ ಹುಟ್ಟಿ ಬೆಳೆದವರು. ನೂಡಲ್ಸ್ ಮಾಡಿಕೊಟ್ಟು ‘ಎ ಬೆಟರ್ ಟುಮಾರೋ’ ಡಿವಿಡಿ ಹಾಕಿದರು. ಜಾನ್ ವೂ ನಿರ್ದೇಶನದ 1986ರ ಸಿನಿಮಾ. ಇದನ್ನು ನೋಡಿ ಇವರೂ ಉದ್ದ ಕೋಟು ಹಾಕಿಕೊಂಡು ತಿರುಗಿದ್ದರಂತೆ, ಆ ಊರಿನ ಸೆಕೆಯಲ್ಲಿ!

ಸ್ಟೈಲ್ ಅಂದರೆ ಸ್ಟೈಲೇ. ಚೌ ಯುನ್ ಫಾಟ್ ಮಾಡಿದ ಮಾರ್ಕ್ ಖೋಟಾ ನೋಟಿನ ಗ್ಯಾಂಗಿನವನು, ಅಂಥದೊಂದು ನೋಟಿಗೆ ಬೆಂಕಿ ಹಚ್ಚಿ ಅದರಲ್ಲೇ ಸಿಗರೇಟು ಹೊತ್ತಿಸುತ್ತಾನೆ. ಗೆಳೆಯ ಹೋ ತೈವಾನ್‌ನಲ್ಲಿ ಮೋಸಕ್ಕೆ ಸಿಕ್ಕಿ ಜೈಲು ಸೇರಿದಾಗ ಸೇಡಿಗೆ ಹೊರಡುವವನೂ ಇವನೇ. ಹೋಟೆಲಿನ ಓಣಿಯಲ್ಲಿ ಹುಡುಗಿಯ ಜೊತೆ ನಗುತ್ತಾ ನಡೆಯುತ್ತಾ ಹೂಕುಂಡಗಳಲ್ಲಿ ಪಿಸ್ತೂಲು ಬಚ್ಚಿಡುತ್ತಾನೆ. ಒಳಗೆ ಕೆಲಸ ಮುಗಿಸಿ, ಖಾಲಿಯಾದದ್ದನ್ನು ಬಿಸಾಡಿ, ಹೊರಗೆ ಬರುವಾಗ ಕುಂಡದಿಂದ ಇನ್ನೊಂದು ತೆಗೆದುಕೊಳ್ಳುತ್ತಾನೆ. ಅಷ್ಟರಲ್ಲಿ ಸತ್ತನೆಂದುಕೊಂಡವನೊಬ್ಬ ಕಾಲಿಗೆ ಗುಂಡು ಹೊಡೆಯುತ್ತಾನೆ.

ನನ್ನನ್ನು ಹಿಡಿದದ್ದು ಆಮೇಲಿನ ಮಾರ್ಕ್. ಮೂರು ವರ್ಷ ಕಳೆದು ಹೋ ಬಿಡುಗಡೆಯಾಗಿ ಬಂದರೆ, ಗೆಳೆಯ ಕುಂಟುತ್ತಾ ಕಾರಿನ ಗಾಜು ಒರೆಸುತ್ತಿದ್ದಾನೆ. ಒಂದು ಕಾಲಕ್ಕೆ ಕೈಕೆಳಗಿದ್ದ ಶಿಂಗ್ ಈಗ ಬಾಸ್. ಕಾರು ಹತ್ತುವ ಮೊದಲು ನೋಟು ಎಸೆಯುತ್ತಾನೆ, ಇವನು ಬಗ್ಗಿ ಹೆಕ್ಕಿಕೊಳ್ಳುತ್ತಾನೆ. ಆಮೇಲೆ ಗ್ಯಾರೇಜಿನಲ್ಲಿ ಕೂತು ಡಬ್ಬಿ ಅನ್ನ ತಿನ್ನುತ್ತಾನೆ. ಎದುರಿಗೆ ಹೋ. ಬಾಯಲ್ಲಿ ಇನ್ನೂ ತುತ್ತು ಇದೆ. ಈ ದೃಶ್ಯ ಇಲ್ಲದಿದ್ದರೆ ಉಳಿದ ಗುಂಡಿನ ಸದ್ದೆಲ್ಲ ಬರೀ ದೀಪಾವಳಿ ಪಟಾಕಿ.

ಹೋ ಆಗಿ ನಟಿಸಿದ ಟಿ ಲುಂಗ್ 70ರ ದಶಕದಲ್ಲಿ ಶಾ ಬ್ರದರ್ಸ್ ಸಂಸ್ಥೆಯ ಕತ್ತಿವರಸೆ ಚಿತ್ರಗಳ ಹೀರೋ. ಇಲ್ಲಿ ಕತ್ತಿಯೂ ಇಲ್ಲ, ಜಂಬವೂ ಇಲ್ಲ, ಸುಮ್ನೆ ಸಹಿಸಿಕೊಳ್ಳುವ ಮುಖ. ಅಣ್ಣ ರೌಡಿ, ತಮ್ಮ ಪೊಲೀಸ್ ಅನ್ನೋದು ನಮಗೇನೂ ಹೊಸದಲ್ಲ ಬಿಡಿ. ಲೆಸ್ಲಿ ಚೆಯುಂಗ್ ಮಾಡಿದ ತಮ್ಮ ಕಿಟ್ ಅಂತೂ ಸ್ವಲ್ಪ ಜಾಸ್ತಿಯೇ ಸಿಡುಕುತ್ತಾನೆ. ಕೊನೆಯ ಕಾಳಗದ ನಡುವೆ ಮಾರ್ಕ್ ಅವನ ಕಾಲರ್ ಹಿಡಿದು, ಅಣ್ಣನ ಬೆಲೆ ಏನೆಂದು ಹೇಳುತ್ತಿರುವಾಗಲೇ ಗುಂಡೇಟು ತಿಂದು ಬೀಳುತ್ತಾನೆ.

ಹೊರಗೆ ಗಾಳಿ ಇನ್ನೂ ನಿಂತಿರಲಿಲ್ಲ. ಅವರು ಎದ್ದು ಎರಡನೇ ಭಾಗದ ಡಿವಿಡಿ ತೆಗೆದರು.

“ಮಾರ್ಕ್ ಸತ್ತನಲ್ಲ?” ಅಂದೆ.

“ಅವನಿಗೊಬ್ಬ ಅವಳಿ ತಮ್ಮ ಇದ್ದಾನೆ, ನ್ಯೂಯಾರ್ಕ್‌ನಲ್ಲಿ ಹೋಟೆಲ್ ನಡೆಸ್ತಾನೆ” ಅಂದರು, ಒಂಚೂರೂ ನಗದೆ.

ಡಬಲ್ ರೋಲ್ ನೋಡುತ್ತಾ ಬೆಳೆದ ನಾನು ಇದಕ್ಕೆ ಏನಂತ ತಕರಾರು ಮಾಡಲಿ? ದಿಂಬು ಸರಿಮಾಡಿಕೊಂಡು ಕೂತೆ.