ಮ್ಯೂಸಿಕ್ ಬಸ್ ಮ್ಯೂಟ್ ಆಗಿತ್ತು

ನಾನು ಸೌಂಡ್ ಮಾಡಿದ ಸಿನಿಮಾದ ಪ್ರಿವ್ಯೂ ಶುರುವಾಗಿ ಹತ್ತು ಸೆಕೆಂಡಿಗೆ ನನ್ನ ಕೈಕಾಲು ತಣ್ಣಗಾದವು. ತೆರೆ ಮೇಲೆ ರಾತ್ರಿ ಇದೆ, ಬೀದಿ ಇದೆ, ಮಗ್ಗದ ಶೆಡ್ಡು ಇದೆ. ಮ್ಯೂಸಿಕ್ ಇಲ್ಲ! ಹಿಂದಿನ ರಾತ್ರಿ ಚಿತ್ರಕ್ಕೂ ಸದ್ದಿಗೂ ಸಿಂಕ್ ಇದೆಯಾ ನೋಡೋಕೆ ಅಂತ ಮ್ಯೂಸಿಕ್ ಬಸ್, ಅಂದರೆ ಎಲ್ಲ ಮ್ಯೂಸಿಕ್ ಟ್ರ್ಯಾಕ್ ಒಟ್ಟಾಗಿ ಸೇರೋ ಚಾನೆಲ್, ಮ್ಯೂಟ್ ಮಾಡಿ ಒಂದು ಬೌನ್ಸ್ (ಮಿಕ್ಸ್ ಮಾಡಿದ ಫೈಲ್) ತೆಗೆದಿದ್ದೆ. ಪೆನ್‌ಡ್ರೈವಿಗೆ ಹೋಗಿದ್ದು ಅದೇ. ಫೈನಲ್, ಫೈನಲ್ 2, ಫೈನಲ್ ಲಾಸ್ಟ್ ಅಂತ ಹೆಸರಿಡೋ ಚಟ ಬಿಡು ಅಂತ ಡೈರೆಕ್ಟರ್ ಹುಡುಗ ಎಷ್ಟು ಸಲ ಹೇಳಿದ್ದನೋ.

ಬಾಗಲಕೋಟೆ ನವನಗರದಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ. ಮದುವೆ ವಿಡಿಯೋ, ಜಾತ್ರೆ ಹಾಡು, ಎಲೆಕ್ಷನ್ ಬಂದರೆ ಆಟೋ ಪ್ರಚಾರ. ಥ್ರಿಲ್ಲರ್ ಸಿನಿಮಾ ಸಿಕ್ಕಿದ್ದು ಇದೇ ಮೊದಲು.

ಓಪನಿಂಗ್ ಇಷ್ಟೇ. ಬನಹಟ್ಟಿಯ ಒಂದು ಪವರ್‌ಲೂಮ್ ಶೆಡ್ಡು, ನಡುರಾತ್ರಿ, ನಾಲ್ಕು ಮಗ್ಗ, ಒಬ್ಬನೇ ನೇಕಾರ. ಒಂದೊಂದಾಗಿ ಮಗ್ಗ ನಿಲ್ಲುತ್ತವೆ. ನಾಲ್ಕನೆಯದು ನಿಂತಾಗ ಅವನು ತಿರುಗಿ ನೋಡುತ್ತಾನೆ. ಟೈಟಲ್. ಮೂರೂವರೆ ನಿಮಿಷ, ಒಂದೂ ಮಾತಿಲ್ಲ. ಮಾತಿಲ್ಲ ಅಂದಕೂಡಲೇ ನನಗೆ ದಿಗಿಲು, ಜನ ಎದ್ದು ಹೋಗ್ತಾರೆ ಅಂತ. ಮೊದಲ ಫ್ರೇಮಿನಿಂದಲೇ 35 ಹರ್ಟ್ಸ್ ಡ್ರೋನ್, ಅಂದರೆ ಎಡೆಬಿಡದೆ ಗುಂಯ್‌ಗುಡೋ ತೀರಾ ತಗ್ಗಿನ ಸದ್ದು, ಹಾಸಿದೆ. ಅದರ ಮೇಲೆ ಎದೆಬಡಿತ, ಅದರ ಮೇಲೆ ಏರುತ್ತಲೇ ಹೋಗೋ ವಯಲಿನ್ ರೈಸರ್, ಒಂದೊಂದು ಮಗ್ಗ ನಿಂತಾಗಲೂ ಒಂದು ಢಂ. ನನ್ನ ಐದಿಂಚಿನ ಸ್ಪೀಕರಿನಲ್ಲಿ 35 ಹರ್ಟ್ಸ್ ಎಲ್ಲಿ ಕೇಳಿಸಬೇಕು? ಕೇಳ್ತಿಲ್ಲ ಅಂತ ಫೇಡರ್ ಏರಿಸ್ತಾನೇ ಹೋದೆ.

ಥಿಯೇಟರಿನಲ್ಲಿ ಅದ್ಯಾವುದೂ ಇಲ್ಲ. ಬರೀ ಮಗ್ಗ. ಬನಹಟ್ಟಿಯಲ್ಲಿ ನಮ್ಮ ಸೋದರಮಾವನ ಶೆಡ್ಡಿನಲ್ಲಿ ನಾನೇ ರೆಕಾರ್ಡ್ ಮಾಡಿದ ಸದ್ದು. ರೆಕಾರ್ಡರನ್ನು ಹಳೇ ಟವೆಲ್ಲಿನಲ್ಲಿ ಸುತ್ತಿ ಮಗ್ಗದ ಪಕ್ಕದ ಸ್ಟೂಲ್ ಮೇಲೆ ಇಟ್ಟಿದ್ದೆ. ಲಾಳಿ ನಿಮಿಷಕ್ಕೆ ನೂರಕ್ಕೂ ಜಾಸ್ತಿ ಸಲ ಅತ್ತಿಂದಿತ್ತ ಬಡಿಯುತ್ತೆ, ಪಕ್ಕದಲ್ಲಿ ನಿಂತವನ ಮಾತು ಕೇಳಲ್ಲ.

ನಾನು ಬಗ್ಗಿಕೊಂಡು ಆಪರೇಟರ್ ರೂಮಿಗೆ ಓಡಿದೆ. "ನಿಲ್ಲಸ್ರೀ, ತಪ್ಪು ಫೈಲ್ ಐತಿ" ಅಂದೆ. ಅವರು ಕಿಂಡಿಯಲ್ಲಿ ಇಣುಕಿ, "ಸುಮ್ನಿರ್ರಿ, ಮಂದಿ ನೋಡಾಕತ್ತಾರ" ಅಂದರು. ನಾನೂ ಇಣುಕಿದೆ. ಒಂದನೇ ಮಗ್ಗ ನಿಂತಿತು. ಯಾರಿಗೂ ಏನೂ ಅನಿಸಲಿಲ್ಲ. ಎರಡನೆಯದು ನಿಂತಾಗ ಮುಂದಿನ ಸಾಲಿನಲ್ಲಿ ಮೊಬೈಲ್ ನೋಡುತ್ತಿದ್ದವನೊಬ್ಬ ತಲೆ ಎತ್ತಿದ. ಮೂರನೆಯದು. ಶೇಂಗಾ ಪೊಟ್ಟಣದ ಸರಸರ ನಿಂತುಹೋಯಿತು. ನಾಲ್ಕನೆಯದು ಒಮ್ಮೆಲೇ ನಿಲ್ಲಲಿಲ್ಲ, ಖಟ್... ಖಟ್... ಅಂತ ಎರಡು ಸಲ ಎಳೆದು ನಿಂತಿತು. ಆಮೇಲೆ ಟ್ಯೂಬ್‌ಲೈಟಿನ ಗುಂಯ್, ಅಷ್ಟೇ. ಕತ್ತಲಲ್ಲಿ ಯಾರೋ ಹಿರಿಯರು ಪಿಸುಗುಟ್ಟಿದರು, "ಒಳಗ ಯಾರೋ ಬಂದಾರ."

ಇದು ನನಗೆ ಗೊತ್ತಿರಬೇಕಿತ್ತು, ಅಲ್ವಾ? ನಾನು ಹುಟ್ಟಿ ಬೆಳೆದಿದ್ದೇ ಬನಹಟ್ಟಿಯ ಮಗ್ಗದ ಓಣಿಯಲ್ಲಿ. ಮಗ್ಗದ ಸದ್ದಿಗೆ ಅಲ್ಲಿ ಯಾರಿಗೂ ನಿದ್ದೆ ಕೆಡಲ್ಲ. ಕರೆಂಟ್ ಹೋಗಿ ಮಗ್ಗ ನಿಂತರೆ ಇಡೀ ಓಣಿ ಎಚ್ಚರ.

ಮುಂದಿನ ವಾರ ಸರಿಯಾದ ಫೈಲ್ ಹಾಕಿ ಇನ್ನೊಂದು ಶೋ. ಡ್ರೋನ್ ಶುರುವಾದದ್ದೇ ತಡ, ಥಿಯೇಟರಿನ ಬಾಗಿಲು ಗಡಗಡ ಅಲುಗಾಡಿತು. ಜನ ತೆರೆ ಬಿಟ್ಟು ಬಾಗಿಲು ನೋಡಿದರು. ಅರ್ಧ ನಿಮಿಷಕ್ಕೆ ಕಿವಿ ಡ್ರೋನಿಗೆ ಒಗ್ಗಿಹೋಯಿತು. ಮಗ್ಗ ನಿಂತರೂ ಡ್ರೋನ್ ನಿಲ್ಲಲ್ಲವಲ್ಲ, ಹಾಗಾಗಿ ನಿಂತದ್ದೇ ಯಾರಿಗೂ ತಿಳಿಯಲಿಲ್ಲ. ಮೂರನೇ ಢಂಗೆ ಹಿಂದಿನ ಸಾಲಿನ ಹುಡುಗರು ಬಾಯಲ್ಲೇ ಢಂ ಅಂದರು. ಕುರ್ಚಿಯಲ್ಲಿ ಇನ್ನಷ್ಟು ಕೆಳಗೆ ಜಾರಿ ಕೂತೆ.

ಮ್ಯೂಸಿಕ್ ತೆಗೆಯೋಣ ಅಂತ ಪ್ರೊಡ್ಯೂಸರ್ ಸಾವಕಾರರ ಹತ್ತಿರ ಹೋದೆ. ನೂಲಿನ ವ್ಯಾಪಾರಿ, ಲೆಕ್ಕದಲ್ಲಿ ಗಟ್ಟಿ. "ರೊಕ್ಕಾ ಕೊಟ್ಟ ಮ್ಯೂಸಿಕ್ ಯಾಕ ತಗೀಬೇಕು?" ಅಂದರು. ನಾನು ಓದಿಕೊಂಡು ಹೋಗಿದ್ದೆ. 1958ರ ಹಾಲಿವುಡ್ ಸಿನಿಮಾ 'ಟಚ್ ಆಫ್ ಈವಿಲ್' ಕಥೆ ಹೇಳಿದೆ. ಶುರುವಿನಲ್ಲೇ ಕಾರಿನ ಡಿಕ್ಕಿಗೆ ಬಾಂಬ್ ಇಡ್ತಾರೆ. ಮೂರು ನಿಮಿಷಕ್ಕೂ ಜಾಸ್ತಿ, ಒಂದೇ ಶಾಟ್. ಡೈರೆಕ್ಟರ್ ಆರ್ಸನ್ ವೆಲ್ಸ್‌ಗೆ ಅಲ್ಲಿ ಬೀದಿಯ ಸದ್ದು, ಬಾರುಗಳ ಹಾಡು, ಕಾರಿನ ರೇಡಿಯೋ ಬೇಕಿತ್ತು. ರೇಡಿಯೋ ಹತ್ತಿರ ಬಂತು ಅಂದರೆ ಬಾಂಬ್ ಹತ್ತಿರ ಬಂತು ಅಂತ ಲೆಕ್ಕ. ಸ್ಟುಡಿಯೋದವರು ಅದರ ಮೇಲೆ ಟೈಟಲ್ಲು, ಹೆನ್ರಿ ಮ್ಯಾನ್ಸಿನಿಯ ಮ್ಯೂಸಿಕ್ಕು ಹಾಕಿಬಿಟ್ಟರು. ಮ್ಯೂಸಿಕ್ ಚೆನ್ನಾಗೇ ಇದೆ, ಆದರೆ ರೇಡಿಯೋ ಸತ್ತುಹೋಯಿತು. ವೆಲ್ಸ್ 58 ಪುಟ ಬರೆದು ತಕರಾರು ಮಾಡಿದರು. ಕೊನೆಗೆ 1998ರಲ್ಲಿ ಎಡಿಟರ್ ವಾಲ್ಟರ್ ಮರ್ಚ್ ಆ ಪುಟಗಳನ್ನು ಇಟ್ಟುಕೊಂಡು ಸರಿಮಾಡಿದರು.

ಸಾವಕಾರರು ಪೂರ್ತಿ ಕೇಳಿದರು. "ಅಷ್ಟೊತ್ತಿಗೆ ಆ ಡೈರೆಕ್ಟರ್ ಇದ್ದನೇನು?"

"ಇಲ್ರೀ, 1985ರಾಗ ತೀರಿಕೊಂಡಿದ್ರು."

"ಮತ್ತ?" ಅಂದವರೇ ಚಹಾ ಹೇಳಿದರು.

ಕೊನೆಗೆ ಆದ ಒಪ್ಪಂದ ಏನಪ್ಪಾ ಅಂದರೆ, ಡ್ರೋನ್ ಎರಡನೇ ಮಗ್ಗ ನಿಂತ ಮೇಲೆ ಮೆಲ್ಲಗೆ ಏರಬೇಕು, ನಾಲ್ಕನೇ ಮಗ್ಗದ ಜೊತೆಗೇ ಕಡಿಯಬೇಕು. ಢಂ ಟೈಟಲ್ಲಿಗೆ ಒಂದೇ ಸಲ. ವಯಲಿನ್ ಪೂರ್ತಿ ಹೋಯಿತು. ನನಗೆ ಈಗಲೂ ಆ ತಪ್ಪು ಫೈಲೇ ಇಷ್ಟ, ಅದನ್ನ ಡಿಲೀಟ್ ಮಾಡಿಲ್ಲ. ಹೆಸರು 'ಫೈನಲ್ ಲಾಸ್ಟ್ 3'.

ಬಿಲ್ ಕೊಡೋಕೆ ಹೋದಾಗ ಸಾವಕಾರರು ಕನ್ನಡಕ ಏರಿಸಿ ನೋಡಿದರು. "ಮೂರೂವರೆ ನಿಮಿಷದಾಗ ಎರಡು ನಿಮಿಷ ಮ್ಯೂಸಿಕ್ಕೇ ಇಲ್ಲಲ್ಲೋ ತಮ್ಮಾ, ಅದರ ರೊಕ್ಕಾ ಮುರ್ಕೊಂಡಿಯೋ ಇಲ್ಲೋ?" ಎರಡು ಕಂತು ಇನ್ನೂ ಬಾಕಿ ಇದೆ.