ಶಾಲೆಗೆ ರಜೆ, ಕರೆಂಟಿಗೂ ರಜೆ

ಜುಲೈ 18, 2024, ಗುರುವಾರ
ತೀರ್ಥಹಳ್ಳಿ ಹತ್ತಿರ, ಮನೆಯಲ್ಲೇ

ಬೆಳಿಗ್ಗೆ ಆರೂವರೆಗೆ ಶಾಲೆಯ ಗ್ರೂಪಿನಲ್ಲಿ ಮೆಸೇಜು ಬಂತು. ಇವತ್ತೂ ಮಳೆ ರಜೆ. ಓದಿ ಫೋನು ಕೆಳಗಿಡುವಷ್ಟರಲ್ಲಿ ಕರೆಂಟು ಹೋಯಿತು. ಏಳಕ್ಕೆ ಟವರೂ ಹೋಯಿತು. ಪುನರ್ವಸು ಮಳೆ ಮುಗಿಯಲು ಬಂತು, ಹೋಗುವಾಗ ಒಂದು ಸಲ ಜಾಡಿಸದೆ ಹೋಗುತ್ತಾ ಅಂದರು ಅತ್ತೆ. ಇವರು ಜಗಲಿ ತುದಿಯಲ್ಲಿ ಕೈಕಟ್ಟಿ ನಿಂತು ಆಕಾಶ ನೋಡುತ್ತಿದ್ದರು. ಅಡಿಕೆ ತೋಟಕ್ಕೆ ಎರಡನೇ ಸಲ ಬೋರ್ಡೋ, ಅಂದರೆ ಕೊಳೆರೋಗದ ಔಷಧಿ, ಹೊಡೆಸಬೇಕು. ಅದಕ್ಕೆ ಮರ ಹತ್ತುವ ಕೊನೆಗೌಡ ಬರಬೇಕು, ಅವನು ಬರಲು ಮಳೆ ಹೊಳವಾಗಬೇಕು. ಹೊಳವಾಗುವ ಲಕ್ಷಣ ಇರಲಿಲ್ಲ.

ನನಗೋ ಮೂರು ರವಿಕೆ ಹೊಲಿದು ಕೊಡುವುದಿತ್ತು. ತುಳಿಯುವ ಮಿಷನ್ನು, ಕರೆಂಟು ಬೇಡ. ಬೇಕಾಗಿದ್ದು ಏಳು ವರ್ಷದ ಮಗಳನ್ನೂ ನಾಲ್ಕು ತುಂಬಿದ ಮಗನನ್ನೂ ಎಲ್ಲಾದರೂ ಕೂರಿಸುವ ಉಪಾಯ.

ಜೂನಿನಲ್ಲಿ ಹೀಗೇ ರಜೆ ಬಂದಾಗ ಮೊಬೈಲಿನಲ್ಲಿ ನೋಡಿ ಬಣ್ಣದ ಅಕ್ಕಿ ಮಾಡಿದ್ದೆ. ಅಕ್ಕಿಗೆ ಬಣ್ಣ ಕಲಸಿದೆ. ಮಳೆಗಾಲದಲ್ಲಿ ಒಣಗಬೇಕಲ್ಲ, ಬಚ್ಚಲ ಒಲೆ ಪಕ್ಕ ಎರಡು ದಿನ ಹರವಿದೆ. ಬಟ್ಟಲು, ಚಮಚ, ಆಲಿಕೆ ಎಲ್ಲ ಜೋಡಿಸಿಟ್ಟೆ. ಮಕ್ಕಳು ಆಡಿದ್ದು ಏಳು ನಿಮಿಷ. ನಾನು ಗುಡಿಸಿದ್ದು ಅರ್ಧ ಗಂಟೆ. ಸಂದಿಯಲ್ಲಿ ಉಳಿದ ಹಸಿರು ಅಕ್ಕಿಕಾಳು ಈಗಲೂ ಸಿಗುತ್ತದೆ. ಹಾಗಾಗಿ ಈ ಸಲ ನಾನು ಏನನ್ನೂ ತಯಾರು ಮಾಡಲಿಲ್ಲ. ತಯಾರಿಯನ್ನೇ ಅವರಿಗೆ ಬಿಟ್ಟೆ.

ಮೊದಲು ಹುಣಿಸೆಬೀಜ. ಚೌಕಾಬಾರ ಆಡೋಣ, ಆದರೆ ಕವಡೆ ಇಲ್ಲ, ನೀವೇ ಮಾಡಿಕೊಡಿ ಅಂದೆ. ಕವಡೆ ಇದೆ, ಅತ್ತೆಯ ಪೆಟ್ಟಿಗೆಯಲ್ಲಿದೆ. ಸುಮ್ನೆ ಹೇಳಿದೆ. ಇಬ್ಬರಿಗೂ ಎರಡೆರಡು ಬೀಜ ಕೊಟ್ಟು, ಹಿಂದಿನ ಬಾಗಿಲ ಒಗೆಯುವ ಕಲ್ಲಿನ ಹತ್ತಿರ ಕೂರಿಸಿದೆ. ಅಲ್ಲಿಗೆ ಮಾಡು ಇಳಿಸಿದ್ದೇವೆ, ನೆನೆಯುವುದಿಲ್ಲ. ಬೀಜದ ಒಂದು ಮೈ ಮಾತ್ರ ತಿಕ್ಕಬೇಕು, ಕಂದು ಸಿಪ್ಪೆ ಹೋಗಿ ಬಿಳಿ ಕಾಣುವ ತನಕ. ಬೀಜ ಗಟ್ಟಿ, ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಮಗಳು ನಾಲಿಗೆ ಹೊರಗೆ ಹಾಕಿಕೊಂಡು ತಿಕ್ಕಿದಳು. ಮಗ ನಾಲ್ಕು ಸಲ ತಿಕ್ಕಿ ‘ಬಿಳಿ ಬಂತಾ?’ ಅಂತ ನೋಡುವುದು, ಮತ್ತೆ ನಾಲ್ಕು ಸಲ ತಿಕ್ಕುವುದು. ಹತ್ತು ನಿಮಿಷಕ್ಕೆ ಕಿರುಚಾಟ ಕೇಳಿತು. ಹೋಗಿ ನೋಡಿದರೆ ತಿಕ್ಕಿದ ಬೀಜ ಸುಡುತ್ತದೆ ಅನ್ನುವ ವಿದ್ಯೆ ಮಗಳಿಗೆ ತಾನಾಗೇ ಗೊತ್ತಾಗಿ, ತಮ್ಮನ ಮೊಣಕೈಗೆ ಒತ್ತಿದ್ದಾಳೆ. ನಾನೂ ಅವಳ ವಯಸ್ಸಿನಲ್ಲಿ ನನ್ನ ಅಣ್ಣನಿಗೆ ಇದನ್ನೇ ಮಾಡಿದ್ದೆ. ಬೈಯುವ ಮುಖ ಇರಲಿಲ್ಲ, ಆದರೂ ಬೈದೆ.

ನಾಲ್ಕು ಬೀಜ ತಯಾರಾಗುವ ಹೊತ್ತಿಗೆ ಒಂದು ಗಂಟೆ ಕಳೆದು, ಒಂದು ರವಿಕೆಯ ತೋಳು ಮುಗಿದಿತ್ತು. ಚೌಕಾಬಾರಕ್ಕೆ ಬಳಪದಲ್ಲಿ ಐದೈದು ಮನೆ ನೆಲದ ಮೇಲೇ ಬರೆದುಕೊಟ್ಟೆ, ಒಟ್ಟು 25. ನಾಲ್ಕು ಬದಿಯ ನಡುವಿನ ಮನೆಗೂ ಮಧ್ಯದ ಮನೆಗೂ ಕತ್ತರಿ ಗೀಟು. ನಾಲ್ಕೂ ಬಿಳಿ ಮೇಲಾದರೆ ಚೌಕ, ನಾಲ್ಕು. ನಾಲ್ಕೂ ಕಂದು ಮೇಲಾದರೆ ಬಾರ, ಎಂಟು. ಎರಡಕ್ಕೂ ಇನ್ನೊಂದು ಆಟ ಸಿಗುತ್ತದೆ. ಕಾಯಿ ಅಂತ ಮಗಳಿಗೆ ಕಾಫಿಬೀಜ, ಮಗನಿಗೆ ಕಡಲೆ. ಮಗ ತನ್ನ ಒಂದು ಕಾಯಿಯನ್ನು ತಿಂದ. ಹೊಡೆದ ಕಾಯಿ ಮೊದಲ ಮನೆಗೆ ವಾಪಸ್ ಹೋಗಬೇಕು ಅನ್ನುವುದು ನಾಲ್ಕು ವರ್ಷದವರಿಗೆ ಅರ್ಥವಾಗುವುದಿಲ್ಲ. ಅಥವಾ ಚೆನ್ನಾಗಿ ಅರ್ಥವಾಗಿಯೇ ಅಳುತ್ತಾರೆ. ಆಟ ಕಾಲು ಗಂಟೆಗೆ ಮುಗಿಯಿತು. ಬೀಜ ತಿಕ್ಕುವುದು ಮಾತ್ರ ಮತ್ತೆ ಶುರುವಾಯಿತು, ಈಗ ಯಾವ ಆಟಕ್ಕೂ ಅಲ್ಲ.

ಸೂರಿನ ನೀರು ಇನ್ನೊಂದು. ಹೆಂಚಿನ ಮಾಡಿನಿಂದ ಒಂದೊಂದು ದಾರವಾಗಿ ಇಳಿಯುವ ನೀರಿನ ಕೆಳಗೆ ಪಾತ್ರೆ ಇಡಲು ಬಿಟ್ಟೆ. ತಾಮ್ರದ ಚೊಂಬು, ಸ್ಟೀಲ್ ತಟ್ಟೆ, ಕರಟ, ಡಾಲ್ಡಾ ಡಬ್ಬ. ಒಂದೊಂದಕ್ಕೂ ಒಂದೊಂದು ಸದ್ದು, ತುಂಬುತ್ತ ಬಂದ ಹಾಗೆ ಸದ್ದೂ ಬದಲಾಗುತ್ತದೆ. ಯಾವುದು ಮೊದಲು ತುಂಬುತ್ತೆ ಅಂತ ಇಬ್ಬರೂ ಜೂಜು ಕಟ್ಟಿದರು. ಅಂಗಿ ಎರಡು ಜೊತೆ ಒದ್ದೆಯಾಯಿತು. ಮಳೆಗಾಲದಲ್ಲಿ ಮಲೆನಾಡಿನ ಮನೆಗೆ ಒಣಗಿದ ಅಂಗಿ ಎಷ್ಟು ದುಬಾರಿ ಅಂತ ಬಯಲುಸೀಮೆಯವರಿಗೆ ಹೇಳಿದರೆ ನಂಬುವುದಿಲ್ಲ. ಹಾಗಾಗಿ ಮೂರನೇ ಸಲ ಚಡ್ಡಿಯಲ್ಲೇ ಬಿಟ್ಟೆ.

ಅದೇ ಹೊತ್ತಿಗೆ ಮಳೆ ಅಳೆಯುವ ಯೋಚನೆ ಬಂತು. ಬದಿ ನೆಟ್ಟಗಿರುವ ಎರಡು ಡಬ್ಬ, ಒಂದು ಹಾಲಿನ ಪುಡಿಯದು, ಇನ್ನೊಂದು ಅಗಲದ ಬಿಸ್ಕತ್ ಡಬ್ಬ. ಹತ್ತು ಗಂಟೆಗೆ ಅಂಗಳದ ನಡುವೆ, ಸೂರೂ ಮರವೂ ತಾಗದ ಕಡೆ ಇಟ್ಟೆವು. ದೊಡ್ಡ ಡಬ್ಬದಲ್ಲಿ ಜಾಸ್ತಿ ಮಳೆ ಬರುತ್ತೆ ಅಂತ ಮಗಳು. ನಾಲ್ಕು ಗಂಟೆಗೆ ಸ್ಕೇಲು ಇಳಿಸಿ ನೋಡಿದರೆ ಎರಡರಲ್ಲೂ ಆರು ಸೆಂಟಿಮೀಟರಿಗೆ ಎರಡು ಗೀಟು ಕಮ್ಮಿ, 58 ಮಿಲಿಮೀಟರ್. ನಾನೇ ಏನೋ ಮೋಸ ಮಾಡಿದ್ದೇನೆ ಅಂದಳು. ಅಗಲ ಡಬ್ಬದ ಬಾಯಿಗೆ ನೀರು ಜಾಸ್ತಿ ಬೀಳುತ್ತೆ, ಆದರೆ ಅದು ಅಗಲಕ್ಕೇ ಹರಡುತ್ತೆ ಅಂತ ವಿವರಿಸಿದೆ. ಒಪ್ಪಲಿಲ್ಲ. ದೋಸೆಹಿಟ್ಟಿನ ಉದಾಹರಣೆ ಕೊಟ್ಟ ಮೇಲೆ ಅರ್ಧ ಒಪ್ಪಿದಳು. 24 ಗಂಟೆಯಲ್ಲಿ 64.5 ಮಿಲಿಮೀಟರ್ ಮುಟ್ಟಿದರೆ ಹವಾಮಾನ ಇಲಾಖೆ ಅದನ್ನು ಭಾರೀ ಮಳೆ ಅನ್ನುತ್ತದೆ. ನಮ್ಮ ಅಂಗಳ ಆರು ಗಂಟೆಯಲ್ಲೇ ಅದರ ಹತ್ತಿರ ಬಂದಿತ್ತು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ದಾಟುತ್ತದೆ, ಅಂದರೆ ಏಳು ಮೀಟರಿಗೂ ಮೇಲೆ ಅಂದೆ. ಮಗಳು ತಲೆ ಎತ್ತಿ ಮಾಡಿನ ತುದಿ ನೋಡಿ, ‘ಅಲ್ಲಿ ಡಬ್ಬ ಯಾರು ಹಿಡ್ಕೊಳ್ತಾರೆ?’ ಅಂದಳು.

ಅಡಿಕೆ ಹಾಳೆಯ ಗಾಡಿ ಎಲ್ಲರಿಗೂ ಗೊತ್ತಿರುವುದೇ. ಒಬ್ಬರು ಕೂರುವುದು, ಇನ್ನೊಬ್ಬರು ಎಳೆಯುವುದು. ಜಗಲಿಯ ಈ ತುದಿಯಿಂದ ಆ ತುದಿಗೆ ಇವರೇ ಎಳೆದರು. ಆಕಾಶ ನೋಡುವುದಕ್ಕಿಂತ ಒಳ್ಳೆಯ ಕೆಲಸ ಅಲ್ವಾ? ತೋಟದಿಂದ ತಂದ ಹಾಳೆ ಅಂದಮೇಲೆ ಮೊದಲು ತಿರುಗಿಸಿ ನೋಡಿ, ಉಂಬಳ, ಅಂದರೆ ಜಿಗಣೆ, ಕೂತಿರುತ್ತದೆ.

ಮಧ್ಯಾಹ್ನ ಊಟವಾದ ಮೇಲೆ ಅತ್ತೆ ಚೆನ್ನೆಮಣೆ ಇಳಿಸಿದರು. ಒಂದು ಬದಿಗೆ ಏಳು, ಇನ್ನೊಂದು ಬದಿಗೆ ಏಳು, ಹದಿನಾಲ್ಕು ಗುಳಿ. ಗುಳಿಗೆ ನಾಲ್ಕರ ಹಾಗೆ 56 ಬೀಜ. ಅತ್ತೆಯ ತಗಡಿನ ಡಬ್ಬದಲ್ಲಿ ಕೆಂಪು ಮಂಜಟ್ಟಿ ಬೀಜಗಳಿದ್ದವು. ನಡುವೆ ಮೂರು ಗುಲಗಂಜಿಯೂ ಸೇರಿಕೊಂಡಿದ್ದವು. ಕೆಂಪಗೆ ಇದ್ದು ತುದಿಗೆ ಕಪ್ಪು ಚುಕ್ಕೆ ಇರುವುದು ಗುಲಗಂಜಿ. ನೋಡಲು ಚಂದ, ಅಗಿದರೆ ವಿಷ. ಮೂರನ್ನೂ ತೆಗೆದು ಒಲೆಗೆ ಹಾಕಲು ಹೋದೆ. ಅತ್ತೆ ಬಿಡಲಿಲ್ಲ, ತಮ್ಮ ಎಲೆಯಡಿಕೆ ಸಂಚಿಯಲ್ಲಿ ಕಟ್ಟಿಟ್ಟುಕೊಂಡರು. ಆ ಜಾಗಕ್ಕೆ ತಿಕ್ಕದ ಮೂರು ಹುಣಿಸೆಬೀಜ.

ಚಿಕ್ಕವನನ್ನು ಬೀಜದ ಹತ್ತಿರ ಒಂಟಿಯಾಗಿ ಬಿಡುವುದಿಲ್ಲ ನಾನು. ಎರಡು ವರ್ಷದ ಕೆಳಗೆ ನನ್ನ ತಮ್ಮನ ಮಗ ಹೀಗೇ ಒಂದು ಬೀಜ ಮೂಗಿಗೆ ಏರಿಸಿಕೊಂಡಿದ್ದ. ರಾತ್ರಿ ಮಳೆಯಲ್ಲಿ ಜೀಪು ಮಾಡಿಕೊಂಡು ಹೋಗಿ ತೆಗೆಸಬೇಕಾಯಿತು. ಮೂರು ವರ್ಷದ ಒಳಗಿನವರಿದ್ದರೆ ಈ ಮಣೆಯನ್ನು ಇಳಿಸಲೇಬೇಡಿ. ಅವರಿಗೆ ಚಪಾತಿ ಹಿಟ್ಟಿನ ಉಂಡೆ ಸಾಕು.

ಅಜ್ಜಿ ಮೊಮ್ಮಗಳು ಎದುರುಬದುರು ಕೂತರು. ಒಂದು ಗುಳಿಯ ಬೀಜ ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದು ಹಾಕುತ್ತ ಹೋಗುವುದು, ಕೈ ಖಾಲಿಯಾದಲ್ಲಿ ಅದರ ಮುಂದಿನ ಗುಳಿಯದನ್ನು ಎತ್ತುವುದು. ಅತ್ತೆಯ ಕೈ ಓಡುವುದು ನೋಡಬೇಕು. ಬೀಜವನ್ನು ನೋಡುವುದೇ ಇಲ್ಲ, ಬೆರಳೇ ಎಣಿಸುತ್ತದೆ. ಮಗನ ಕೆಲಸ ಗೆದ್ದ ಬೀಜ ಕಾಯುವುದು. ಆ ಹೊತ್ತಿಗೆ ನನ್ನ ಮಿಷನ್ನಿನ ಬಾಬಿನ್ ಕಾಣೆಯಾಯಿತು. ಇದ್ದದ್ದೇ ಎರಡು, ಇನ್ನೊಂದರಲ್ಲಿ ಕಪ್ಪು ದಾರ ಸುತ್ತಿದೆ. ಎರಡನೇ ರವಿಕೆ ಅಲ್ಲಿಗೇ ನಿಂತಿತು. ಇವರನ್ನು ಕೇಳಿದೆ, ನನಗೇನು ಗೊತ್ತು ಅಂದರು.

ಸಂಜೆಗೆ ಎರಡು ಕುರ್ಚಿಯ ಮೇಲೆ ಕಂಬಳಿ ಹೊದಿಸಿ ಮನೆ ಮಾಡಿಕೊಂಡರು, ಒಳಗೆ ಟಾರ್ಚು. ಕಂಬಳಿ ಕೊಟ್ಟಿದ್ದು ಬಿಟ್ಟರೆ ನಾನೇನೂ ಮಾಡಿಲ್ಲ. ಬಚ್ಚಲ ಒಲೆಯ ಕೆಂಡದಲ್ಲಿ ಹಲಸಿನ ಬೀಜ ಸುಟ್ಟುಕೊಟ್ಟೆ. ಬೇಸಿಗೆಯಲ್ಲಿ ಕೆಮ್ಮಣ್ಣು ಮೆತ್ತಿ ಇಟ್ಟಿದ್ದು. ತುದಿ ಸ್ವಲ್ಪ ಕತ್ತರಿಸದೆ ಹಾಕಿದರೆ ಪಟಾಕಿಯ ಹಾಗೆ ಸಿಡಿಯುತ್ತದೆ. ಕತ್ತರಿಸದ ಒಂದನ್ನು ಬೇಕೆಂದೇ ಹಾಕಿ, ಎಲ್ಲರೂ ದೂರ ನಿಂತು ಕಾದೆವು.

ರಾತ್ರಿ ಮಣೆ ಎತ್ತಿಡುವಾಗ ಮಗಳು ಬೀಜ ಎಣಿಸಿದಳು. 55. ಮತ್ತೆ ಎಣಿಸಿದಳು, 55. ಹತ್ತರ ಗುಂಪು ಮಾಡಿಸಿದೆ, ಐದು ಗುಂಪು, ಮೇಲೆ ಐದು. ನನ್ನ ಎದೆ ಧಸಕ್ ಅಂತು. ಮಗನನ್ನು ಮಲಗಿಸಿ ಟಾರ್ಚು ಹಿಡಿದು ಮೂಗು ನೋಡಿದೆ, ಕಿವಿ ನೋಡಿದೆ, ಬಾಯಿ ತೆಗೆಸಿದೆ. ನುಂಗಿದ್ಯೇನೋ ಅಂದರೆ ಒಂದು ಸಲ ಹೂಂ ಅಂದ, ಇನ್ನೊಂದು ಸಲ ಉಹೂಂ ಅಂದ. ಇವರು ಮಂಚದ ಕೆಳಗೆ, ಚಾಪೆಯ ಕೆಳಗೆ ಹುಡುಕಿದರು. ಅತ್ತೆ ಮಾತ್ರ ಎಲೆ ಜಗಿಯುತ್ತ, ಮೊದಲು ಆ ಕಂಬಳಿ ಕೊಡವಿ ಅಂದರು.

ಕೊಡವಿದೆವು. ಮಂಜಟ್ಟಿ ಬೀಜ ಟಣ್ ಅಂತ ಬಿತ್ತು. ಅದರ ಹಿಂದೆ ಅರ್ಧ ತಿಂದ ಮೂರು ಹಲಸಿನ ಬೀಜ, ಒಂದು ಕಡಲೆ, ನನ್ನ ಬಾಬಿನ್, ಮತ್ತೆ ಒಂದು ಹಸಿರು ಅಕ್ಕಿಕಾಳು.